ಕಷ್ಟದ ಪದಗಳು, ಸುಲಭದ ಪದಗಳು

ಲ್ಯಾಟಿನ್ ಕಲಿಯುತ್ತಿದ್ದೇನೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು ‘ಯಾಕೆ?’, ಎರಡನೆಯದು ‘ಏನು ಉಪಯೋಗ?’. ಜರ್ಮನ್ ಅಂದಿದ್ದರೆ ಆನ್‌ಸೈಟ್ ಇರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದರು. ಲ್ಯಾಟಿನ್ ಮಾತಾಡುವ ಊರಿಗೆ ಯಾವ ಕಂಪನಿಯೂ ಯಾರನ್ನೂ ಕಳಿಸುವುದಿಲ್ಲವಲ್ಲ. ‘ರೋಮನ್ನರ ಯುದ್ಧಗಳ ಬಗ್ಗೆ ಅವರ ಮಾತಲ್ಲೇ ಓದೋಣ ಅಂತ’ ಅನ್ನುವ ನನ್ನ ಉತ್ತರ ಕೇಳಿ ಬಹಳಷ್ಟು ಜನ ನಕ್ಕು ವಿಷಯ ಬದಲಿಸುತ್ತಾರೆ. ಅಮ್ಮ ಮಾತ್ರ ನಗಲಿಲ್ಲ. “ಹೊಡೆದು ಸಾಯಿಸಿದ ಕಥೆ ಓದೋಕೆ ಒಂದು ಭಾಷೇನೇ ಕಲೀಬೇಕೇನೋ?” ಅಂದರು. ಇದು ಉಪಯೋಗದ ಪ್ರಶ್ನೆ ಅಲ್ಲ ನೋಡಿ, ಅದಕ್ಕಿಂತ ಗಟ್ಟಿ ಪ್ರಶ್ನೆ. ಎರಡು ಸಾವಿರ ವರ್ಷದ ಹಿಂದಿನ ಹತ್ಯಾಕಾಂಡಗಳನ್ನು, ವಿಭಕ್ತಿ ಪ್ರತ್ಯಯಗಳ ಸಮೇತ, ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಖುಷಿಯಿಂದ ಕಲಿಯುವುದು ಸರೀನಾ?

ಓದುತ್ತಿರುವುದು ಜೂಲಿಯಸ್ ಸೀಸರನ ಗಾಲ್ ಯುದ್ಧದ ಟಿಪ್ಪಣಿಗಳನ್ನು. ಕ್ರಿ.ಪೂ. 58ರಿಂದ ಅವನು ಇವತ್ತಿನ ಫ್ರಾನ್ಸ್, ಬೆಲ್ಜಿಯಂ ಇರುವ ಕಡೆ ನಡೆಸಿದ ಯುದ್ಧಗಳ ಬಗ್ಗೆ ತಾನೇ ಏಳು ಪುಸ್ತಕ ಬರೆದ. ಎಂಟನೆಯದನ್ನು ಅವನ ಅಧಿಕಾರಿ ಹಿರ್ತಿಯುಸ್ ಬರೆದು ಸೇರಿಸಿದ. ಸೀಸರ್ ತನ್ನನ್ನು ‘ನಾನು’ ಅಂದುಕೊಳ್ಳುವುದು ತೀರಾ ಅಪರೂಪ. ‘ಸೀಸರ್ ಬಂದ, ಸೀಸರ್ ಆಜ್ಞೆ ಮಾಡಿದ’ ಅಂತ ಬೇರೆ ಯಾರದ್ದೋ ವರದಿ ಕೊಡುವವನ ಹಾಗೆ ಬರೆಯುತ್ತಾನೆ. ವಾಕ್ಯಗಳು ನೇರ, ಪದಗಳು ಕಡಿಮೆ, ಬಂದ ಪದಗಳೇ ಮತ್ತೆ ಮತ್ತೆ ಬರುತ್ತವೆ. ಅದಕ್ಕೇ ಲ್ಯಾಟಿನ್ ಕಲಿಯುವ ಮಕ್ಕಳಿಗೆ ತಲೆತಲಾಂತರದಿಂದ ಮೊದಲು ಇವನನ್ನೇ ಓದಿಸುತ್ತಾ ಬಂದಿದ್ದಾರೆ. ಅಮೆರಿಕದ ಡಿಕಿನ್ಸನ್ ಕಾಲೇಜಿನವರು ಲ್ಯಾಟಿನ್ನಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಮಾರು 1000 ಪದಗಳ ಪಟ್ಟಿ ಮಾಡಿದ್ದಾರೆ. ಅದನ್ನು ಆಂಕಿ ಆ್ಯಪ್‌ಗೆ ಹಾಕಿಕೊಂಡು ಮೆಟ್ರೋದಲ್ಲಿ ತಿರುವುತ್ತಾ ಹೋದರೆ ಕೆಲವೇ ತಿಂಗಳಲ್ಲಿ ಸೀಸರನ ಬಾಗಿಲು ತೆಗೆದುಕೊಳ್ಳುತ್ತದೆ. ಕನ್ನಡದವರಿಗೆ ಇನ್ನೂ ಒಂದು ಅನುಕೂಲ ಇದೆ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ನಾಮಪದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ಇಂಗ್ಲಿಷಿನವರು ಒದ್ದಾಡುವ ಜಾಗದಲ್ಲಿ ನಾವು ಕಾಲು ಚಾಚಿ ಕೂರಬಹುದು.

ಮೊದಮೊದಲು ಸಿಗುವ ಖುಷಿ ಮಕ್ಕಳ ಖುಷಿ. ರೋಮನ್ ಸೈನ್ಯದ ಪದಕೋಶ ಒಂದು ಮೃಗಾಲಯ ಇದ್ದ ಹಾಗೆ. ಗುರಾಣಿಗಳನ್ನು ತಲೆ ಮೇಲೆ, ಪಕ್ಕದಲ್ಲಿ ಚಿಪ್ಪಿನ ಥರ ಜೋಡಿಸಿಕೊಂಡು ಮುಂದೆ ಸರಿಯುವ ವ್ಯೂಹಕ್ಕೆ ತೆಸ್ತೂದೊ ಅಂತಾರೆ, ಅಂದರೆ ಆಮೆ. ಕೋಟೆ ಗೋಡೆ ಗುದ್ದುವ ಮರದ ದಿಮ್ಮಿ ಆರಿಯೆಸ್, ಟಗರು. ಬಾಣ ಎಸೆಯುವ ಯಂತ್ರ ಸ್ಕೋರ್ಪಿಯೊ, ಚೇಳು. ಕಲ್ಲು ಎಸೆಯುವಾಗ ಹಿಂದಕ್ಕೆ ಒದೆಯುವ ಯಂತ್ರ ಓನಗೆರ್, ಕಾಡುಕತ್ತೆ. ಗೋಡೆ ಬುಡಕ್ಕೆ ಹೋಗಲು ಮರೆಯಾಗಿ ಕಟ್ಟಿಕೊಳ್ಳುವ ಗಟ್ಟಿ ಮಾಡು ಮೂಸ್ಕುಲುಸ್, ಪುಟ್ಟ ಇಲಿ. ಕೋಟೆ ಕೆಳಗೆ ತೋಡುವ ಸುರಂಗ ಕುನಿಕುಲುಸ್, ಮೊಲ. ಸೈನ್ಯದ ಸಾಮಾನು ಸರಂಜಾಮಿಗೆ ಇಂಪೆದಿಮೆಂತಾ ಅಂತ ಹೆಸರು. ಬಿಡಿಸಿದರೆ ‘ಕಾಲಿಗೆ ತೊಡರುವಂಥದ್ದು’. ದೀಪಾವಳಿ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ನಿಂತವರಿಗೆ ಈ ಪದದ ವ್ಯುತ್ಪತ್ತಿ ವಿವರಿಸಬೇಕಾಗಿಲ್ಲ.

ಈ ಪದಗಳು ಒಂದು ಸಲ ನೋಡಿದರೆ ಸಾಕು, ಮರೆಯುವುದಿಲ್ಲ. ಚಿತ್ರ ಇದೆ, ತಮಾಷೆ ಇದೆ, ಜಾಣತನ ಇದೆ. ಹೀಗೇ ಖುಷಿಯಾಗಿ ಮುಂದೆ ಹೋಗುತ್ತಾ ಏಳನೆಯ ಪುಸ್ತಕದಲ್ಲಿ ಲೀಲಿಯುಂ ಅನ್ನುವ ಪದ ಸಿಗುತ್ತದೆ. ಲಿಲ್ಲಿ ಹೂವು.

ಕ್ರಿ.ಪೂ. 52. ಅಲೇಸಿಯಾ ಅನ್ನುವ ಬೆಟ್ಟದೂರು, ಇವತ್ತಿನ ಬರ್ಗಂಡಿಯಲ್ಲಿದೆ. ಒಳಗೆ ಗಾಲ್ ನಾಯಕ ವೆರ್ಕಿಂಗೆತೊರಿಕ್ಸ್ ಸೈನ್ಯ ಸಮೇತ ಸಿಕ್ಕಿಬಿದ್ದಿದ್ದಾನೆ. ಸೀಸರ್ ಊರಿನ ಸುತ್ತ ಒಂದು ಕೋಟೆಸಾಲು ಕಟ್ಟಿಸಿದ, ಹೊರಗಿನಿಂದ ಬರಲಿರುವ ಇನ್ನೊಂದು ಗಾಲ್ ಸೈನ್ಯವನ್ನು ತಡೆಯಲು ಹೊರಮುಖವಾಗಿ ಇನ್ನೊಂದು ಸಾಲು, 14 ರೋಮನ್ ಮೈಲಿ ಉದ್ದದ್ದು. ಇವುಗಳ ಮುಂದೆ ಎಂಟು ಸಾಲು ಗುಂಡಿ ತೋಡಿಸಿದ. ಮೂರು ಅಡಿ ಆಳ, ಕೆಳಗೆ ಹೋದಂತೆ ಕಿರಿದಾಗುವ ಗುಂಡಿ. ಒಳಗೆ ತೊಡೆ ಗಾತ್ರದ ಮರದ ಗೂಟ, ತುದಿ ಚೂಪು ಮಾಡಿ ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ್ದು, ನೆಲದಿಂದ ನಾಲ್ಕು ಬೆರಳಿಗಿಂತ ಹೆಚ್ಚು ಮೇಲೆ ಕಾಣದಂತೆ ನೆಟ್ಟದ್ದು. ಮೇಲೆ ಕಡ್ಡಿಕಸ ಮುಚ್ಚಿದರೆ ಗುಂಡಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಓಡಿ ಬಂದವನ ಕಾಲು ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ. ಆಕಾರ ಹೂವಿನ ಥರ ಇದೆ ಅಂತ ಇದಕ್ಕೆ ಲಿಲ್ಲಿ ಅಂತ ಹೆಸರಿಟ್ಟರು. ಇದರ ಹಿಂದಿನ ಸಾಲಿನಲ್ಲಿ ಹೂತಿಟ್ಟ ಚೂಪು ಕೊಂಬೆಗಳಿಗೆ ಕಿಪ್ಪಿ ಅಂತ ಹೆಸರು, ಅದಕ್ಕೆ ಗೋರಿಕಲ್ಲು ಅನ್ನುವ ಅರ್ಥವೂ ಇದೆ. ಮುಂದಿನ ಸಾಲಿನ ಕಬ್ಬಿಣದ ಕೊಕ್ಕೆಗಳಿಗೆ ಸ್ತಿಮುಲಿ, ಅಂದರೆ ಎತ್ತು ತಿವಿಯುವ ಮುಳ್ಳುಗೋಲು. (ಸರ್ಕಾರ ಆರ್ಥಿಕತೆಗೆ ಕೊಡುವ ‘ಸ್ಟಿಮ್ಯುಲಸ್’ ಇದೇ ಪದ. ಯಾರು ಯಾರನ್ನು ತಿವಿಯುತ್ತಾರೋ ಗೊತ್ತಿಲ್ಲ.) ಸ್ಕಾಟ್‌ಲೆಂಡಿನ ರಫ್ ಕ್ಯಾಸಲ್ ಅನ್ನುವ ರೋಮನ್ ಕೋಟೆಯ ಹತ್ತಿರ ಇಂಥ ಗುಂಡಿಗಳ ಸಾಲು ಇವತ್ತಿಗೂ ಇದೆ. ಫೋಟೋದಲ್ಲಿ ನೋಡಿದರೆ ಹಸಿರು ಹುಲ್ಲಿನ ಮೇಲೆ ಸಾಲಾಗಿ ಇಟ್ಟ ಬಟ್ಟಲುಗಳ ಹಾಗೆ ಕಾಣುತ್ತದೆ.

ಆ ಹೆಸರಿಟ್ಟವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಹಗಲೆಲ್ಲ ಅಗೆದು, ರಾತ್ರಿ ಯಾವಾಗ ದಾಳಿ ಆಗುತ್ತದೋ ಅಂತ ಕಾದು ಕೂತ ಸೈನಿಕರ ತಮಾಷೆ ಅದು. ಹೆದರಿಕೆ ಇರುವ ಕಡೆ ಇಂಥ ಹೆಸರುಗಳು ಹುಟ್ಟುತ್ತವೆ. ನನ್ನ ತಕರಾರು ನನ್ನ ಕಾರ್ಡಿನ ಬಗ್ಗೆ. ಮುಂದುಗಡೆ ‘ಲೀಲಿಯುಂ’, ಹಿಂದುಗಡೆ ‘ಲಿಲ್ಲಿ, ಗೂಟ ನೆಟ್ಟ ಗುಂಡಿ’. ಸರಿಯಾಗಿ ಹೇಳಿದರೆ ಹಸಿರು ಬಟನ್ ಒತ್ತಿ ಮುಂದಕ್ಕೆ. ಆ ಹೆದರಿಕೆ ನನಗಿಲ್ಲ, ಆ ದಣಿವೂ ಇಲ್ಲ. ತಮಾಷೆ ಮಾತ್ರ ಬಂದಿದೆ, ಬಿಟ್ಟಿ.

ಇನ್ನೊಂದು ಜಾಗ ನೋಡಿ. ನಾಲ್ಕನೆಯ ಪುಸ್ತಕದಲ್ಲಿ ಸೀಸರ್ ರೈನ್ ನದಿಗೆ ಮರದ ಸೇತುವೆ ಕಟ್ಟುತ್ತಾನೆ. ಮರ ತರಿಸಲು ಶುರು ಮಾಡಿದ ಹತ್ತೇ ದಿನದಲ್ಲಿ ಸೇತುವೆ ರೆಡಿ. ಲ್ಯಾಟಿನ್ ವಿದ್ಯಾರ್ಥಿಗಳು ಹೆದರುವ ಅಧ್ಯಾಯ ಇದು. ತೊಲೆಗೊಂದು ಪದ, ದಿಮ್ಮಿಗೊಂದು ಪದ, ಎರಡನ್ನೂ ಬಿಗಿಯುವ ಬಂಧಕ್ಕೊಂದು ಪದ, ಯಾವ ಕಂಬ ಯಾವ ಕಡೆ ವಾಲಬೇಕು, ನೀರಿನ ಸೆಳೆತ ಹೆಚ್ಚಾದಷ್ಟೂ ಕಟ್ಟು ಹೇಗೆ ಬಿಗಿಯಾಗುತ್ತದೆ, ಎಲ್ಲಾ ಇದೆ. ನಾನು ಒಂದು ಇಡೀ ಶನಿವಾರ ಕೂತು, ನೋಟ್‌ಬುಕ್‌ನಲ್ಲಿ ಚಿತ್ರ ಬರೆದುಕೊಂಡು ಅದನ್ನು ಬಿಡಿಸಿದೆ. ಎಂಜಿನಿಯರಿಂಗ್ ಓದಿದ್ದು ಕೊನೆಗೂ ಒಂದು ಕಡೆ ಪ್ರಯೋಜನಕ್ಕೆ ಬಂತು ಅನಿಸಿತು. ಮುಂದಿನ ಅಧ್ಯಾಯ ಬರೀ ಐದು ನಿಮಿಷದ ಓದು. ನದಿ ದಾಟಿ ಹಳ್ಳಿಗಳನ್ನೆಲ್ಲ ಸುಟ್ಟ, ಬೆಳೆ ಕಡಿಸಿದ, ಹದಿನೆಂಟು ದಿನ ಅಲ್ಲಿದ್ದು ವಾಪಸ್ ಬಂದು ಸೇತುವೆ ಕೆಡವಿದ. ‘ಹಳ್ಳಿ’, ‘ಮನೆ’, ‘ಬೆಳೆ’, ‘ಸುಡು’, ‘ಕಡಿ’ ಇವೆಲ್ಲ ನನಗಾಗಲೇ ಗೊತ್ತಿದ್ದ ಪದಗಳು. ಒಂದನ್ನೂ ನಿಘಂಟಿನಲ್ಲಿ ಹುಡುಕಬೇಕಾಗಲಿಲ್ಲ.

ಇಲ್ಲಿ ನನಗೊಂದು ವಿಷಯ ಹೊಳೆಯಿತು. ಪದಪಟ್ಟಿ ಅಂದರೆ ಬರೆದವನ ಗಮನದ ಪಟ್ಟಿ. ಸೀಸರ್ ಎಲ್ಲಿ ಕಣ್ಣಿಟ್ಟು ನೋಡಿದನೋ ಅಲ್ಲಿ ನೂರು ಪದ, ಎಲ್ಲಿ ನೋಡಲಿಲ್ಲವೋ ಅಲ್ಲಿ ಎರಡು. ಕಲಿಯುವವನು ಕಷ್ಟದ ಪದದ ಹತ್ತಿರ ನಿಲ್ಲುತ್ತಾನೆ, ಸುಲಭದ ಪದದ ಮೇಲೆ ಜಾರಿ ಹೋಗುತ್ತಾನೆ. ಕಷ್ಟದ ಪದಗಳಲ್ಲಿ ಯಂತ್ರಗಳಿವೆ. ಮನುಷ್ಯರಿರುವುದು ಸುಲಭದ ಪದಗಳಲ್ಲಿ. ಹಾಗಾಗಿ ಭಾಷೆ ಚೆನ್ನಾಗಿ ಕಲಿತಷ್ಟೂ ಸೀಸರನ ನೋಟವೇ ನಮ್ಮ ನೋಟ ಆಗುತ್ತಾ ಹೋಗುತ್ತದೆ, ನಮಗೆ ಗೊತ್ತೇ ಆಗದ ಹಾಗೆ.

ಸುಲಭದ ಪದಗಳಲ್ಲಿ ಒಂದು ಪಾಕಾರೆ. ಪಾಕ್ಸ್ ಅಂದರೆ ಶಾಂತಿ, ಅದರಿಂದ ಬಂದ ಕ್ರಿಯಾಪದ. ಇಂಗ್ಲಿಷಿನ ‘ಪೇ’ ಕೂಡ ಇದರ ಮೊಮ್ಮಗ: ಸಾಲ ಕೊಟ್ಟವನನ್ನು ಶಾಂತ ಮಾಡುವುದು ಅಂತ ಶುರುವಾಗಿ ಹಣ ಕೊಡುವುದು ಅಂತಾಯಿತು. ಇಂಗ್ಲಿಷ್ ನಿಘಂಟು ನೋಡಿದರೆ ‘ಪ್ಯಾಸಿಫೈ’ ಅಂತ ಇರುತ್ತದೆ, ಮುಗಿಯಿತು. ಅದೇ ಪದ ಬಟ್ಟೆ ಬದಲಿಸಿ ಬಂದಿದೆ ಅಷ್ಟೆ, ಏನೂ ಯೋಚಿಸಬೇಕಾಗಿಲ್ಲ. ನಾನು ಕಾರ್ಡುಗಳನ್ನು ಕನ್ನಡದಲ್ಲಿ ಮಾಡಿಕೊಳ್ಳುವವನು. ಕನ್ನಡದಲ್ಲಿ ಏನಂತ ಬರೆಯೋದು? ‘ಶಾಂತಗೊಳಿಸು’? ಅಳುವ ಮಗುವನ್ನೂ ಶಾಂತಗೊಳಿಸುತ್ತೇವೆ. ‘ಅಡಗಿಸು’? ‘ಬಗ್ಗುಬಡಿ’? ಕ್ರಿ.ಪೂ. 57ರ ಕೊನೆಗೆ ಇಡೀ ಗಾಲ್ ಈಗ ಪಾಕಾತಾ ಆಗಿದೆ ಅಂತ ಸೀಸರ್ ಬರೆಯುತ್ತಾನೆ. ಅದಕ್ಕೆ ಎರಡೇ ಅಧ್ಯಾಯ ಹಿಂದೆ ಅದುವಾತುಕಿ ಅನ್ನುವ ಜನರ ಊರನ್ನು ಹಿಡಿದು, ಒಳಗಿದ್ದವರನ್ನೆಲ್ಲ ಒಟ್ಟಿಗೆ ಮಾರಿದ್ದಾನೆ. ಕೊಂಡುಕೊಂಡ ವ್ಯಾಪಾರಿಗಳು ಲೆಕ್ಕ ಒಪ್ಪಿಸಿದರಂತೆ: 53,000 ಕಾಪುತ್. ಕಾಪುತ್ ಅಂದರೆ ತಲೆ. ನಾವು ಊಟದ ಲೆಕ್ಕಕ್ಕೆ ‘ತಲೆಗೆ ಇಷ್ಟು’ ಅಂತೀವಲ್ಲ, ಕಂಪನಿಗಳಲ್ಲಿ ‘ಹೆಡ್‌ಕೌಂಟ್’ ಅಂತೀವಲ್ಲ, ಅದೇ ಪ್ರಯೋಗ. ಶುರುವಿನಲ್ಲೇ ಕಲಿಯುವಂಥ, ಅಷ್ಟು ಸುಲಭದ ಪದ. ಶಾಂತವಾಯಿತು ಅಂದ ಗಾಲ್‌ನಲ್ಲಿ ಆಮೇಲೂ ವರ್ಷಗಟ್ಟಲೆ ಯುದ್ಧ ನಡೆಯಿತು ಅನ್ನುವುದು ಬೇರೆ ಮಾತು.

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯನಿಗೆ ಇದನ್ನು ಹೇಳಿದೆ. ಅವನು ‘ರೋಮ್: ಟೋಟಲ್ ವಾರ್’ ಆಡಿ ಬೆಳೆದವನು, ನನಗಿಂತ ಹೆಚ್ಚು ರೋಮನ್ ಇತಿಹಾಸ ಅವನಿಗೆ ಗೊತ್ತು. ಅವನ ವಾದ ತೆಗೆದುಹಾಕುವಂಥದ್ದಲ್ಲ. “ಗುರು, ನಿಘಂಟು ಅಂದ್ರೆ ಜಡ್ಜ್ ಅಲ್ಲ. ‘ಬಗ್ಗುಬಡಿ’ ಅಂತ ಬರ್ಕೊಂಡ್ರೆ ಅದು ನಿನ್ನ ಅಭಿಪ್ರಾಯ, ಸೀಸರ್‌ದಲ್ಲ. ಅವನಿಗೆ ಅದು ನಿಜವಾಗ್ಲೂ ಶಾಂತಿನೇ. ಅವನ ತಲೆಯೊಳಗೆ ಹೋಗೋಕೆ ತಾನೆ ನೀನು ಲ್ಯಾಟಿನ್ ಕಲೀತಿರೋದು?” ಇದು ಸರಿ. ಅನುವಾದದಲ್ಲೇ ತೀರ್ಪು ಕೊಟ್ಟುಬಿಟ್ಟರೆ ಒಬ್ಬ ರೋಮನ್ನನಿಗೆ ಆ ಪದ ಎಷ್ಟು ಗೌರವದ್ದಾಗಿತ್ತು ಅನ್ನುವುದು ಕಳೆದುಹೋಗುತ್ತದೆ. ತಾನು ಮಾಡುತ್ತಿರುವುದು ಒಳ್ಳೆಯದು ಅಂತ ನಂಬಿದವನು ಹೇಗೆ ಬರೆಯುತ್ತಾನೆ ಅನ್ನುವುದೇ ಇಲ್ಲಿ ಕಲಿಯಬೇಕಾದ ವಿಷಯ. ಆದರೆ ‘ಶಾಂತಗೊಳಿಸು’ ಅಂತ ಬರೆದುಕೊಂಡರೂ ನಾನು ಒಂದು ಕಡೆ ಸೇರಿದ ಹಾಗೇ ಆಯಿತಲ್ಲ? ಕನ್ನಡದಲ್ಲಿ ಅರ್ಥ ಬರೆಯಲು ಕೂತರೆ ಯಾವ ಕಡೆಯೂ ಸೇರದೆ ಉಳಿಯುವ ಪದ ಸಿಗುವುದಿಲ್ಲ. ಅವನ ಆಟದಲ್ಲೂ ಊರು ಗೆದ್ದ ಮೇಲೆ ಮೂರು ಬಟನ್ ಬರುತ್ತವೆ: ಸುಮ್ಮನೆ ವಶಪಡಿಸಿಕೊ, ಜನರನ್ನು ಗುಲಾಮರನ್ನಾಗಿಸು, ಜನರನ್ನು ನಿರ್ನಾಮ ಮಾಡು. ಹೆಸರಿನ ಮಟ್ಟಿಗೆ ಆಟ ಸೀಸರನಿಗಿಂತ ಪ್ರಾಮಾಣಿಕ. ಆದರೆ ಒತ್ತುವವನು ನೋಡುವುದು ಖಜಾನೆಗೆ ಎಷ್ಟು ಬರುತ್ತದೆ, ಊರಲ್ಲಿ ದಂಗೆ ಏಳುತ್ತದಾ ಇಲ್ಲವಾ ಅಂತ. ಕಟು ಪದ ಇಟ್ಟ ಮಾತ್ರಕ್ಕೆ ಭಾರ ಬರುವುದಿಲ್ಲ ಅನ್ನುವುದಕ್ಕೆ ಆ ಮೂರನೇ ಬಟನ್ನೇ ಸಾಕ್ಷಿ. ಇದನ್ನು ಅವನು ಒಪ್ಪಿದ. ಮೂರನೆಯದನ್ನು ಯಾವಾಗ ಒತ್ತುತ್ತಿದ್ದ ಅಂತ ನಾನು ಕೇಳಲಿಲ್ಲ.

ರೋಮನ್ನರಿಗೂ ಈ ಪ್ರಶ್ನೆ ಹೊಸದಲ್ಲ. ಹೋಸ್ತಿಸ್ ಅಂದರೆ ಶತ್ರು. ಇಂಗ್ಲಿಷಿನ ‘ಗೆಸ್ಟ್’ ಇದರದೇ ದೂರದ ನಂಟು. ಹಿಂದೆ ಈ ಪದಕ್ಕೆ ಪರಸ್ಥಳದವನು ಅಂತಷ್ಟೇ ಅರ್ಥವಿತ್ತು ಅಂತ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳುತ್ತಾನೆ. ಎದುರು ನಿಂತು ಯುದ್ಧ ಮಾಡುವವನನ್ನೂ ನಮ್ಮ ಹಿರಿಯರು ಅಷ್ಟು ಮೃದುವಾಗಿ ಕರೆದರು, ಕಹಿಯನ್ನು ಮಾತಿನಿಂದ ಹಗುರ ಮಾಡಿದರು, ಇದಕ್ಕಿಂತ ಸೌಜನ್ಯ ಉಂಟೇ ಅನ್ನುವುದು ಅವನ ಭಾವ. ಸಿಸೆರೊ ಒಳ್ಳೆಯ ಮನುಷ್ಯನೇ ಇರಬಹುದು, ಆದರೆ ಇದನ್ನು ಓದಿದಾಗ ನನಗೆ ನೆನಪಾಗಿದ್ದು ಕೆಲಸದಿಂದ ತೆಗೆಯುವಾಗ ಬರುವ ಮೇಲ್‌ಗಳು. ಅವುಗಳಲ್ಲೂ ಸೌಜನ್ಯಕ್ಕೆ ಕೊರತೆ ಇರುವುದಿಲ್ಲ. ಸುಮಾರು ಒಂದೂವರೆ ಶತಮಾನದ ನಂತರ ತಾಸಿತುಸ್ ತದ್ವಿರುದ್ಧ ಮಾಡಿದ: ರೋಮ್ ವಿರುದ್ಧ ನಿಂತ ಕಾಲ್ಗಾಕುಸ್ ಅನ್ನುವ ಬ್ರಿಟನ್ ನಾಯಕನ ಬಾಯಲ್ಲಿ, ಇವರು ಲೂಟಿಗೂ ಹಾಳುಬೀಳಿಸುವುದಕ್ಕೂ ಚಂದದ ಹೆಸರಿಡುವವರು ಅಂತ ಆಡಿಸಿದ. ಒಂದೇ ಭಾಷೆ, ಒಬ್ಬ ಮೃದು ಮಾತನ್ನು ಮೆಚ್ಚುತ್ತಾನೆ, ಇನ್ನೊಬ್ಬ ಅದರ ಹೊಟ್ಟೆ ಬಗೆದು ತೋರಿಸುತ್ತಾನೆ. ಲ್ಯಾಟಿನ್ ಭಾಷೆಯೇ ಕ್ರೂರ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಭಾಷೆ ಕೆಲವು ಸಲ ಬರೆದವನಿಗಿಂತ ಹೆಚ್ಚು ಬಾಯಿಬಿಡುತ್ತದೆ. ಸ್ತಿಪೆಂದಿಯುಂ ತೆಗೆದುಕೊಳ್ಳಿ. ಸೈನಿಕನ ಸಂಬಳಕ್ಕೆ ಸ್ತಿಪೆಂದಿಯುಂ. ಅವನು ಸೇವೆ ಮಾಡಿದ ವರ್ಷಕ್ಕೂ ಸ್ತಿಪೆಂದಿಯುಂ. ಸೋತ ಜನ ಕಟ್ಟಬೇಕಾದ ಕಪ್ಪಕ್ಕೂ ಸ್ತಿಪೆಂದಿಯುಂ. ಗಾಲ್ ಮೇಲೆ ಸೀಸರ್ ವರ್ಷಕ್ಕೆ 4 ಕೋಟಿ ಸೆಸ್ತೆರ್ಶಿಯಸ್ ಹೇರಿದ ಅಂತ ಸ್ವೆತೋನಿಯುಸ್ ಬರೆಯುವಾಗ ಬಳಸುವುದೂ ಇದೇ ಪದ. ಮೊದಲು ನೋಡಿದಾಗ ಇದೇನು ಒಂದೇ ಪದಕ್ಕೆ ಸಂಬಂಧ ಇಲ್ಲದ ಮೂರು ಅರ್ಥ ಅಂತ ಬೇಜಾರಾಗುತ್ತದೆ. ಆಮೇಲೆ ಗೊತ್ತಾಗುತ್ತದೆ, ಸಂಬಂಧ ಇಲ್ಲದ್ದಲ್ಲ, ಅದು ಒಂದೇ ದುಡ್ಡು. ಒಬ್ಬನ ಮನೆಯಿಂದ ಹೊರಟಾಗ ಕಪ್ಪ, ಇನ್ನೊಬ್ಬನ ಕೈಗೆ ಬಂದಾಗ ಸಂಬಳ. ಅಗಸ್ಟಸ್ ಕಾಲದ ಕಾಲಾಳಿಗೆ ವರ್ಷಕ್ಕೆ 225 ದೆನಾರಿಯಸ್ ಸಂಬಳ, ಅದರಲ್ಲೇ ಬಟ್ಟೆ, ಆಯುಧ, ಗುಡಾರದ ಕಡಿತ. ಪೇಸ್ಲಿಪ್ ನೋಡಿ ನಿಟ್ಟುಸಿರು ಬಿಡುವುದು ನಮ್ಮಿಂದ ಶುರುವಾದದ್ದಲ್ಲ. (ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು ಅನ್ನುವ ವಾಟ್ಸಾಪ್ ಕಥೆಗೆ ಹಳೆಯ ಗ್ರಂಥಗಳಲ್ಲಿ ಆಧಾರವಿಲ್ಲ. ‘ಸ್ಯಾಲರಿ’ ಪದಕ್ಕೂ ಉಪ್ಪಿಗೂ ನಂಟಿದೆ, ಅಷ್ಟೆ.) ಆ ಬೆಳ್ಳಿ ನಾಣ್ಯಗಳು ವ್ಯಾಪಾರದ ದಾರಿಯಲ್ಲಿ ನಮ್ಮ ಕಡೆಗೂ ಬಂದವು, ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಯಾವ ನಾಣ್ಯ ಯಾರ ಸಂಬಳವಾಗಿತ್ತು, ಯಾರ ಕಪ್ಪವಾಗಿತ್ತು ಅಂತ ಬೆಳ್ಳಿ ಹೇಳುವುದಿಲ್ಲ.

ಗುಲಾಮರ ವಿಷಯಕ್ಕೆ ಬಂದರೆ ಮೃದುತನ ಇನ್ನೂ ಮುಂದೆ ಹೋಗುತ್ತದೆ. ಸೆರ್ವುಸ್ ಅಂದರೆ ಗುಲಾಮ. ಈ ಪದ ಸೆರ್ವಾರೆ, ಅಂದರೆ ‘ಕಾಪಾಡು’ ಅನ್ನುವುದರಿಂದ ಬಂತು, ಯಾಕೆಂದರೆ ಸೇನಾಪತಿಗಳು ಸೆರೆ ಸಿಕ್ಕವರನ್ನು ಕೊಲ್ಲದೆ ಉಳಿಸಿ ಮಾರುತ್ತಾರೆ ಅಂತ 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಪಠ್ಯ ವಿವರಿಸುತ್ತದೆ. ಇವತ್ತಿನ ಭಾಷಾತಜ್ಞರು ಈ ವ್ಯುತ್ಪತ್ತಿಯನ್ನು ನೆಚ್ಚಿಕೊಳ್ಳುವುದಿಲ್ಲ, ಆದರೆ ಕಾನೂನು ವಿದ್ಯಾರ್ಥಿಗಳಿಗೆ ಕಲಿಸಿದ್ದು ಇದನ್ನೇ: ನಿನ್ನನ್ನು ಮಾರಿದ್ದು ನಿನ್ನ ಮೇಲಿನ ಕರುಣೆ. ಹೀಗೆ ಸೆರೆಯಾಳುಗಳನ್ನು ಹರಾಜು ಹಾಕುವುದಕ್ಕೆ ‘ದಂಡೆಯ ಕೆಳಗೆ ಮಾರುವುದು’ ಅನ್ನುವ ನುಡಿಗಟ್ಟಿದೆ. ತಲೆಗೆ ಹೂದಂಡೆ ಕಟ್ಟಿ ನಿಲ್ಲಿಸುತ್ತಿದ್ದರು ಅನ್ನುವುದು ಅದಕ್ಕಿರುವ ಒಂದು ವಿವರಣೆ. ಬಲಿಗೆ ಹೊರಟ ಕುರಿಗೆ ಹಾರ ಹಾಕುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇಂಥ ಸರಕು ಮಾರುವ ದಲ್ಲಾಳಿಗೆ ಲ್ಯಾಟಿನ್ನಿನಲ್ಲಿ ಮಾಂಗೊ ಅಂತ ಹೆಸರು. ಹಣ್ಣಿಗೂ ಅದಕ್ಕೂ ಸಂಬಂಧ ಇಲ್ಲ, ದೇವರ ದಯೆ.

ಇಷ್ಟೆಲ್ಲ ಆದಮೇಲೂ ಸೀಸರ್ ಕಣ್ಣಿಲ್ಲದ ಮನುಷ್ಯ ಅಂತ ಹೇಳಲಾಗುವುದಿಲ್ಲ. ಅವಾರಿಕುಂ, ಇವತ್ತಿನ ಬೂರ್ಜ್ ಪಟ್ಟಣ, ಅದರ ಮುತ್ತಿಗೆಯಲ್ಲಿ ತಾನೇ ನೋಡಿದ ಒಂದು ದೃಶ್ಯ ಬರೆಯುತ್ತಾನೆ. ಕೋಟೆ ಬಾಗಿಲ ಮುಂದೆ ಒಬ್ಬ ಗಾಲ್, ಹಿಂದಿನವರು ಕೈಯಿಂದ ಕೈಗೆ ದಾಟಿಸುವ ಕೊಬ್ಬು, ರಾಳದ ಉಂಡೆಗಳನ್ನು ರೋಮನ್ನರ ಗೋಪುರದ ಬೆಂಕಿಗೆ ಎಸೆಯುತ್ತಿದ್ದಾನೆ. ಸ್ಕೋರ್ಪಿಯೊದ ಬಾಣ ಬಲ ಮಗ್ಗುಲಿಗೆ ತಗುಲಿ ಸಾಯುತ್ತಾನೆ. ಪಕ್ಕದಲ್ಲಿದ್ದವನು ಹೆಣ ದಾಟಿ ಬಂದು ಅದೇ ಕೆಲಸ ಮುಂದುವರಿಸುತ್ತಾನೆ. ಅವನೂ ಸಾಯುತ್ತಾನೆ. ಮೂರನೆಯವನು ಬರುತ್ತಾನೆ, ನಾಲ್ಕನೆಯವನು ಬರುತ್ತಾನೆ. ಇದನ್ನು ಬರೆಯದೆ ಬಿಡುವುದು ಸರಿಯಲ್ಲ ಅನಿಸಿತು ಅಂತ ಸೀಸರ್ ಹೇಳುತ್ತಾನೆ, ಮೆಚ್ಚುಗೆ ಎದ್ದು ಕಾಣುತ್ತದೆ. ಮೂರು ಅಧ್ಯಾಯ ಆದಮೇಲೆ ಊರು ಬೀಳುತ್ತದೆ. ಮುದುಕರು, ಹೆಂಗಸರು, ಕೂಸುಗಳು ಅಂತ ನೋಡದೆ ಕೊಂದರು, ಸುಮಾರು 40,000 ಜನರಲ್ಲಿ ಉಳಿದವರು 800 ಇರಬಹುದು ಅಂತ ಅವನೇ ಬರೆಯುತ್ತಾನೆ. ಆ ನಾಲ್ಕು ಜನ ಅವನಿಗೆ ಕಂಡರು. ಉಳಿದವರು ಸಂಖ್ಯೆ.

‘ಆ ಕಾಲವೇ ಹಾಗಿತ್ತು, ಇವತ್ತಿನ ಅಳತೆಗೋಲು ಹಿಡಿಯಬೇಡಿ’ ಅನ್ನುವವರಿದ್ದಾರೆ. ಅರ್ಧ ಸರಿ. ಕ್ರಿ.ಪೂ. 55ರಲ್ಲಿ ಉಸಿಪೆತೆಸ್, ತೆಂಕ್ತೆರಿ ಅನ್ನುವ ಎರಡು ಜನಾಂಗಗಳು ರೈನ್ ದಾಟಿ ಬಂದಾಗ, ಸಂಧಾನಕ್ಕೆ ಬಂದ ಅವರ ಹಿರಿಯರನ್ನು ಸೀಸರ್ ಹಿಡಿದಿಟ್ಟುಕೊಂಡು ಬೀಡಿನ ಮೇಲೆ ಬಿದ್ದ. ಓಡುತ್ತಿದ್ದ ಹೆಂಗಸರು ಮಕ್ಕಳ ಹಿಂದೆ ಕುದುರೆ ಸವಾರರನ್ನು ಕಳಿಸಿದ. ಅಲ್ಲಿ ಅವನು ಬಳಸುವ ಪದ ಬೇಟೆಗೂ ಒಪ್ಪುವಂಥ ‘ಬೆನ್ನಟ್ಟು’. ರೋಮ್‌ನಲ್ಲಿ ಗೆಲುವಿನ ಪೂಜೆ ನಡೆಸೋಣ ಅಂದಾಗ, ಸೀಸರನನ್ನೇ ಆ ಜನರ ಕೈಗೆ ಒಪ್ಪಿಸಬೇಕು ಅಂತ ಸೆನೆಟ್‌ನಲ್ಲಿ ಎದ್ದು ನಿಂತು ಹೇಳಿದವನು ಕಿರಿಯ ಕೇಟೊ. ಅಂದರೆ ಆ ಕಾಲದಲ್ಲೂ ಇದು ತಪ್ಪು ಅಂದವರಿದ್ದರು. ಆದರೆ ಕೇಟೊನ ತಕರಾರು ಒಪ್ಪಂದ ಮುರಿದದ್ದರ ಬಗ್ಗೆ, ಆ ಪಾಪ ರೋಮ್‌ಗೆ ತಟ್ಟುತ್ತದೆ ಅನ್ನುವುದರ ಬಗ್ಗೆ. ಜೊತೆಗೆ ಅವನು ಸೀಸರನ ರಾಜಕೀಯ ವಿರೋಧಿ ಬೇರೆ. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪುರಾತತ್ವಜ್ಞ ನಿಕೊ ರೋಯ್ಮನ್ಸ್, ನೆದರ್ಲೆಂಡ್ಸ್‌ನ ಕೆಸೆಲ್ ಬಳಿ ನದಿಯಿಂದ ಬಂದ ಕತ್ತಿ, ಈಟಿಮೊನೆ, ಎಲುಬುಗಳು ಇದೇ ಘಟನೆಗೆ ಸೇರಿದವು ಅಂತ ವಾದಿಸಿದರು. ಎಲುಬುಗಳಲ್ಲಿ ಹೆಂಗಸರದ್ದೂ ಮಕ್ಕಳದ್ದೂ ಇವೆ. ಅವುಗಳ ಮೇಲೆ ಗಾಯದ ಗುರುತುಗಳಿವೆ. ಸೀಸರ್ ಒಂದು ಕ್ರಿಯಾಪದದಲ್ಲಿ ಮುಗಿಸಿದ್ದನ್ನು ಅವರು ಪ್ರಯೋಗಾಲಯದಲ್ಲಿ ಒಂದೊಂದೇ ಎಲುಬು ತಿರುಗಿಸಿ ಓದುತ್ತಿದ್ದಾರೆ.

ಹಾಗಾದರೆ ಖುಷಿ ಪಡಬಾರದಾ? ನನಗೆ ಹಾಗನಿಸುವುದಿಲ್ಲ. ಸೇತುವೆಯ ಅಧ್ಯಾಯ ಬಿಡಿಸಿದಾಗಿನ ಸಂತೋಷ ಸುಳ್ಳಲ್ಲ, ಆ ಸೇತುವೆಯ ಜಾಣತನವೂ ಸುಳ್ಳಲ್ಲ. ಓದುವಾಗ ಮುಖ ಸಿಂಡರಿಸಿಕೊಂಡು ಕೂತರೆ ಸತ್ತವರಿಗೇನೂ ಸಿಗುವುದಿಲ್ಲ, ನಮಗೆ ನಾವು ಒಳ್ಳೆಯವರು ಅನ್ನುವ ಸಮಾಧಾನ ಸಿಗುತ್ತದೆ, ಅದು ಇನ್ನೊಂದು ಥರದ ಖುಷಿ ಅಷ್ಟೆ. ನಾನು ಕಂಡುಕೊಂಡದ್ದು ಸಣ್ಣ ಉಪಾಯ. ಕಷ್ಟದ ಪದಕ್ಕೆ ಕೊಡುವ ಸಮಯವನ್ನು ಸುಲಭದ ಪದಕ್ಕೂ ಕೊಡುವುದು. ಒಬ್ಸೆಸ್ ಅನ್ನುವ ಕಾರ್ಡಿಗೆ ‘ಒತ್ತೆಯಾಳು’ ಅಂತ ಬರೆದು ಹಸಿರು ಬಟನ್ ಒತ್ತುವ ಮೊದಲು, ಬೆಲ್ಲೊವಾಕಿ ಜನರಿಂದ ಸೀಸರ್ ಕೇಳಿದ್ದು 600 ಒತ್ತೆಯಾಳುಗಳನ್ನು ಅಂತ ಕೆಳಗೆ ಸೇರಿಸಿಕೊಳ್ಳುವುದು. ನಮ್ಮ ಪದದಲ್ಲೇ ‘ಒತ್ತೆ’ ಇದೆ, ಅಡವಿಟ್ಟದ್ದು. ಇಲ್ಲಿ ಕನ್ನಡ ಲ್ಯಾಟಿನ್‌ಗಿಂತ ನೇರ. ಮೆಟ್ರೋದಲ್ಲಿ ಹೀಗೆ ಮಾಡಿದರೆ ದಿನಕ್ಕೆ ಇಪ್ಪತ್ತು ಕಾರ್ಡಿನ ಜಾಗದಲ್ಲಿ ಎಂಟು ಆಗುತ್ತವೆ. ಆಗಲಿ, ಯಾವ ಡೆಡ್‌ಲೈನೂ ಇಲ್ಲ.

ಈಗ ಮತ್ತೆ ಅಲೇಸಿಯಾದಲ್ಲಿದ್ದೇನೆ, ಏಳನೆಯ ಪುಸ್ತಕದ 78ನೇ ಅಧ್ಯಾಯ. ಊರೊಳಗೆ ಧಾನ್ಯ ಮುಗಿಯುತ್ತಾ ಬಂದಿದೆ. ಯುದ್ಧಕ್ಕೆ ಆಗದವರನ್ನು ಹೊರಗೆ ಹಾಕೋಣ ಅಂತ ಗಾಲ್ ನಾಯಕರು ತೀರ್ಮಾನಿಸುತ್ತಾರೆ. ಆ ಊರು ಮಂದುಬಿ ಜನರದ್ದು. ಸೈನ್ಯಕ್ಕೆ ಜಾಗ ಕೊಟ್ಟವರೇ ಅವರು. ಅವರನ್ನೇ ಹೆಂಡತಿ ಮಕ್ಕಳ ಸಮೇತ ಆಚೆ ಕಳಿಸುತ್ತಾರೆ. ಅವರು ರೋಮನ್ನರ ಕೋಟೆಸಾಲಿನ ಹತ್ತಿರ ಬಂದು, ಅಳುತ್ತಾ, ನಮ್ಮನ್ನು ಗುಲಾಮರಾಗಿ ತಗೊಳ್ಳಿ, ಊಟ ಕೊಡಿ ಅಂತ ಬೇಡುತ್ತಾರೆ. ಸೀಸರ್ ಕಾವಲು ಹಾಕಿಸಿ, ಅವರನ್ನು ಒಳಗೆ ಬಿಡದಂತೆ ತಡೆಯುತ್ತಾನೆ. ಲೆಕ್ಕಾಚಾರ ಗೊತ್ತಾಗುತ್ತದೆ, ಅವನ ಬಳಿಯೂ ಧಾನ್ಯ ಕಡಿಮೆ. ವಾಪಸ್ ಹೋದರೆ ಒಳಗಿನವರ ಹಸಿವು ಹೆಚ್ಚುತ್ತದೆ. ಒಳಗಿನವರೂ ಬಾಗಿಲು ತೆಗೆಯಲಿಲ್ಲ. ಎರಡು ಗೋಡೆಗಳ ನಡುವೆ ಅವರು ಸತ್ತರು ಅಂತ ಕಾಸ್ಸಿಯುಸ್ ದಿಯೊ ಎಷ್ಟೋ ಕಾಲದ ನಂತರ ಬರೆಯುತ್ತಾನೆ. ಸೀಸರ್ ಅದನ್ನು ಬರೆಯುವುದಿಲ್ಲ.

ಅವನು ಬಳಸುವ ಪದ ಪ್ರೊಹಿಬೇಬತ್. ‘ಪ್ರೊಹಿಬಿಟ್’ ಇದರಿಂದಲೇ ಬಂದಿದೆ, ಯಾವ ನಿಘಂಟೂ ಬೇಡ. ಇಂಗ್ಲಿಷ್ ಅನುವಾದಗಳನ್ನು ತೆಗೆದು ನೋಡಿದರೆ ಹೆಚ್ಚಾಗಿ ‘ತಡೆದ’ ಅನ್ನುವಂತಿರುತ್ತದೆ, ಒಂದು ಸಲ ಮಾಡಿ ಮುಗಿಸಿದ ಕೆಲಸದ ಹಾಗೆ. ಲ್ಯಾಟಿನ್ನಿನಲ್ಲಿ ಅದು ಮುಗಿದ ಕೆಲಸ ಅಲ್ಲ. ಆ ಕಾಲಪ್ರತ್ಯಯಕ್ಕೆ ಸರಿಯಾಗಿ ಹೊಂದುವ ರೂಪ ನಮ್ಮಲ್ಲಿದೆ: ತಡೆಯುತ್ತಿದ್ದ. ಒಂದು ದಿನ, ಎರಡು ದಿನ, ಅವರು ಬೇಡುತ್ತಿದ್ದಷ್ಟು ಹೊತ್ತೂ. ಕಾರ್ಡಿನ ಹಿಂದೆ ಹಾಗೇ ಬರೆದುಕೊಂಡು, ಕೆಳಗೆ ‘ಮಂದುಬಿ’ ಅಂತ ಸೇರಿಸಿದ್ದೇನೆ. 79ನೇ ಅಧ್ಯಾಯದಲ್ಲಿ ಹೊರಗಿನ ಗಾಲ್ ಸೈನ್ಯ ಬಂದು ಗುಡ್ಡದ ಮೇಲೆ ಬೀಡು ಬಿಡುತ್ತದೆ, ಮಾರನೆಯ ದಿನ ಮೂರು ಮೈಲಿ ಬಯಲು ತುಂಬಾ ಕುದುರೆಗಳು. ಅಲ್ಲಿ ಹೊಸ ಪದ ತುಂಬಾ ಇವೆ.